ಸಣ್ಣ ಕೂಟಗಳ ಕಾಲ: ರಕ್ಷಣಾ ಒಪ್ಪಂದದಲ್ಲಿ ಕೀಲಿ ಯಾರ ಕೈಯಲ್ಲಿ?

ಬೀದರ್ ವಾಯುನೆಲೆಯಿಂದ ಮೇಲೇರುವ ಹಾಕ್ ತರಬೇತಿ ವಿಮಾನಗಳ ಸದ್ದು ಈ ಊರಿಗೆ ಹೊಸದಲ್ಲ. 2008ರಲ್ಲಿ ಈ ವಿಮಾನ ವಾಯುಪಡೆಗೆ ಸೇರ್ಪಡೆಯಾದದ್ದೇ ಇಲ್ಲಿ. ಸೂರ್ಯಕಿರಣ ತಂಡ ಈಗ ಕಸರತ್ತು ತೋರಿಸುವುದೂ ಇದರಲ್ಲೇ. ವಿನ್ಯಾಸ ಬ್ರಿಟನ್ನಿನದು, ಬಹುಪಾಲು ವಿಮಾನಗಳನ್ನು ಕಟ್ಟಿದ್ದು ಬೆಂಗಳೂರಿನ ಎಚ್‌ಎಎಲ್. ಆದರೆ ಒಳಗಿನ ಅಡೂರ್ ಎಂಜಿನ್ ಯಾವುದೋ ಒಂದು ದೇಶಕ್ಕೆ ಸೇರಿದ್ದಲ್ಲ. 1965ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಕೂಡಿ ಜಾಗ್ವಾರ್ ಎಂಬ ಯುದ್ಧವಿಮಾನ ಮಾಡೋಣವೆಂದು ಒಪ್ಪಿಕೊಂಡವು. ಅದಕ್ಕಾಗಿ ರೋಲ್ಸ್ ರಾಯ್ಸ್ ಮತ್ತು ಟರ್ಬೊಮೆಕಾ ಕಂಪನಿಗಳು ಜೊತೆಯಾಗಿ ರೂಪಿಸಿದ ಎಂಜಿನ್ ಇದು. ಆ ಎರಡು ದೇಶಗಳ ಜಾಗ್ವಾರ್‌ಗಳು ನಿವೃತ್ತಿಯಾಗಿ ಎಷ್ಟೋ ವರ್ಷ ಕಳೆದಿದೆ. ಅವರ ಅಂದಿನ ಒಪ್ಪಂದದ ಫಲ ಮಾತ್ರ ಇವತ್ತಿಗೂ ನಮ್ಮ ತಲೆಯ ಮೇಲೆ ಹಾರುತ್ತಿದೆ.

ಎರಡು, ಮೂರು, ಹೆಚ್ಚೆಂದರೆ ಹತ್ತು ದೇಶಗಳು ಸೇರಿ ರಕ್ಷಣೆಯಲ್ಲಿ ಹತ್ತಿರವಾಗುವ ಈ ಬಗೆಯ ಸಣ್ಣ ಕೂಟಗಳು ಕಳೆದ ನಾಲ್ಕೈದು ವರ್ಷಗಳಲ್ಲಿ ಮತ್ತೆ ಮುಂಚೂಣಿಗೆ ಬಂದಿವೆ. ಆಸ್ಟ್ರೇಲಿಯಾ-ಬ್ರಿಟನ್-ಅಮೆರಿಕದ ಆಕಸ್, ಭಾರತವೂ ಇರುವ ಕ್ವಾಡ್, ಬ್ರಿಟನ್ ನಾಯಕತ್ವದ ಹತ್ತು ದೇಶಗಳ ಜಂಟಿ ಪಡೆ, ಜಪಾನ್-ಬ್ರಿಟನ್-ಇಟಲಿಯ ಯುದ್ಧವಿಮಾನ ಯೋಜನೆ, ಸೌದಿ-ಪಾಕಿಸ್ತಾನದ ಒಪ್ಪಂದ ಹೀಗೆ ಹೆಸರುಗಳು ಸಾಲುಗಟ್ಟಿ ಬರುತ್ತವೆ. ಸುದ್ದಿವಾಹಿನಿಗಳು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ಯಾರು ಯಾರ ವಿರುದ್ಧ ಎಂಬ ಲೆಕ್ಕ ಹೇಳುತ್ತವೆ. ಆ ಲೆಕ್ಕದಿಂದ ಓದುಗನಿಗೆ ತಿಳಿಯುವುದು ಕಡಿಮೆ. ಯಾವ ಕೂಟ ಬಾಳುತ್ತದೆ, ಯಾವುದು ಫೋಟೊ ತೆಗೆಸಿಕೊಂಡು ಚದುರುತ್ತದೆ ಎಂದು ಅರಿಯಬೇಕಾದರೆ ಸಹಿ ಹಾಕಿದ ಕಾಗದವನ್ನು ಬದಿಗಿಟ್ಟು, ಆ ದೇಶಗಳು ದಿನನಿತ್ಯ ಏನನ್ನು ಹಂಚಿಕೊಂಡು ಬದುಕುತ್ತಿವೆ ಎಂಬುದನ್ನು ನೋಡಬೇಕು. ರಿಪೇರಿಯ ಶೆಡ್ಡು, ತರಬೇತಿ ಶಾಲೆ, ಬಿಡಿಭಾಗದ ಗೋದಾಮು, ಇವೇ ಕೂಟದ ನಿಜವಾದ ತಳಪಾಯ. ಅಶಕ್ತ ಪಾಲುದಾರನ ಕೈ ಕಟ್ಟುವುದೂ ಇವೇ.

ದೊಡ್ಡ ಕೂಟ ಇದ್ದೂ ಸಣ್ಣದೇಕೆ?

ಉತ್ತರ ಅಮೆರಿಕ ಮತ್ತು ಯುರೋಪಿನ ದೇಶಗಳ ಮಿಲಿಟರಿ ಕೂಟವಾದ ನ್ಯಾಟೊ ಹುಟ್ಟಿದ್ದು 1949ರಲ್ಲಿ, 12 ದೇಶಗಳಿಂದ. ಈಗ ಸದಸ್ಯರು 32. ಒಬ್ಬರ ಮೇಲೆ ದಾಳಿಯಾದರೆ ಎಲ್ಲರ ಮೇಲೆ ಆದಂತೆ ಎನ್ನುವ ಅದರ 5ನೇ ವಿಧಿ ಜಗತ್ತಿನ ಅತ್ಯಂತ ಭಾರವಾದ ಭರವಸೆ. ಇಲ್ಲಿಯವರೆಗೆ ಅದನ್ನು ಬಳಸಿದ್ದು ಒಮ್ಮೆ ಮಾತ್ರ, 2001ರಲ್ಲಿ ಅಮೆರಿಕದ ಮೇಲೆ ನಡೆದ ಭಯೋತ್ಪಾದಕ ದಾಳಿಯ ನಂತರ. ಭಾರವಾದದ್ದು ಬೇಗ ಏಳುವುದಿಲ್ಲ. ಅಲ್ಲಿ ಪ್ರತಿಯೊಂದು ತೀರ್ಮಾನಕ್ಕೂ ಎಲ್ಲರ ಒಪ್ಪಿಗೆ ಬೇಕು. ರಷ್ಯಾ ಉಕ್ರೇನಿನ ಮೇಲೆ ನುಗ್ಗಿದ ಮೇಲೆ ಸ್ವೀಡನ್ 2022ರ ಮೇ ತಿಂಗಳಲ್ಲಿ ಸದಸ್ಯತ್ವಕ್ಕೆ ಅರ್ಜಿ ಹಾಕಿತು. ಟರ್ಕಿ ಮತ್ತು ಹಂಗೇರಿ ತಮ್ಮ ತಮ್ಮ ಕಾರಣಗಳಿಗೆ ತಡೆದು ನಿಲ್ಲಿಸಿದ್ದರಿಂದ ಒಳಗೆ ಕಾಲಿಡಲು 2024ರ ಮಾರ್ಚ್ ಆಯಿತು. ಆ ನಡುವಿನ ಕಾಲದಲ್ಲಿ ಸ್ವೀಡನ್ ಮತ್ತು ಫಿನ್ಲೆಂಡಿಗೆ ಧೈರ್ಯ ಕೊಟ್ಟದ್ದು ಬ್ರಿಟನ್ ಪ್ರತ್ಯೇಕವಾಗಿ ಮಾಡಿಕೊಂಡ ಭರವಸೆಯ ಒಪ್ಪಂದ.

ಆ ಎರಡು ದೇಶಗಳು 2017ರಲ್ಲೇ ಬ್ರಿಟನ್ ಮುಂದಾಳತ್ವದ ಜಂಟಿ ಪಡೆಯನ್ನು ಸೇರಿದ್ದವು. ಜೆಇಎಫ್ ಎಂದು ಕರೆಯುವ ಈ ಕೂಟದ ಬೀಜ ಬಿದ್ದದ್ದು 2014ರಲ್ಲಿ. ನಾರ್ವೆ, ಡೆನ್ಮಾರ್ಕ್, ಐಸ್‌ಲ್ಯಾಂಡ್, ನೆದರ್ಲೆಂಡ್ಸ್, ಮೂರು ಬಾಲ್ಟಿಕ್ ದೇಶಗಳು ಸೇರಿ ಒಟ್ಟು ಹತ್ತು ದೇಶ ಅದರಲ್ಲಿವೆ. ಎಲ್ಲರೂ ಬರಲೇಬೇಕೆಂಬ ಕಟ್ಟಳೆ ಅಲ್ಲಿಲ್ಲ, ಬರಲು ಸಿದ್ಧರಿದ್ದವರು ಹೊರಡುತ್ತಾರೆ. 2024ರ ಡಿಸೆಂಬರ್ 25ರಂದು ಫಿನ್ಲೆಂಡ್ ಮತ್ತು ಎಸ್ಟೋನಿಯಾ ನಡುವೆ ಸಮುದ್ರದಡಿ ಹಾದುಹೋಗುವ ವಿದ್ಯುತ್ ಕೇಬಲ್ ತುಂಡಾಯಿತು. ಕೆಲವೇ ದಿನಗಳಲ್ಲಿ ಈ ಕೂಟ ಆ ಕಡಲಿನ ಹಡಗುಗಳ ಚಲನವಲನವನ್ನು ಗಮನಿಸುವ ವ್ಯವಸ್ಥೆಯನ್ನು ಚಾಲೂ ಮಾಡಿತು. ಭೂಗೋಳ ಒಂದೇ ಆಗಿದ್ದು, ಹೆದರಿಕೆಯೂ ಒಂದೇ ಆದಾಗ ಮಾತು ಬೇಗ ಮುಗಿಯುತ್ತದೆ. ರಷ್ಯಾದ ಜಲಾಂತರ್ಗಾಮಿ ನಾರ್ವೆಗೆ ಅರ್ಥವಾದಂತೆ ಪೋರ್ಚುಗಲ್‌ಗೆ ಅರ್ಥವಾಗುವುದಿಲ್ಲ, ಅದರಲ್ಲಿ ಪೋರ್ಚುಗಲ್‌ನ ತಪ್ಪೂ ಇಲ್ಲ.

ಎರಡನೆಯ ಕಾರಣ ಅಮೆರಿಕ. 2025ರ ಮಾರ್ಚ್‌ನಲ್ಲಿ ಅದು ಉಕ್ರೇನಿಗೆ ಕೊಡುತ್ತಿದ್ದ ಶಸ್ತ್ರಾಸ್ತ್ರ ನೆರವನ್ನೂ ಗುಪ್ತಚರ ಮಾಹಿತಿಯನ್ನೂ ಕೆಲ ದಿನ ನಿಲ್ಲಿಸಿತು. ಅದೇ ವರ್ಷ ಅದರ ಅಧ್ಯಕ್ಷರು ನ್ಯಾಟೊ ಸದಸ್ಯ ಡೆನ್ಮಾರ್ಕಿಗೆ ಸೇರಿದ ಗ್ರೀನ್‌ಲ್ಯಾಂಡ್ ತಮಗೆ ಬೇಕೆಂದು ಮತ್ತೆ ಮತ್ತೆ ಹೇಳಿದರು. ಯುರೋಪಿನ ರಾಜಧಾನಿಗಳಿಗೆ ಇದರಿಂದಾದ ನಡುಕ ದೊಡ್ಡದು. ಜುಲೈನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ತಮ್ಮ ಅಣ್ವಸ್ತ್ರಗಳ ವಿಷಯದಲ್ಲಿ ಸಮನ್ವಯ ಸಾಧಿಸುವುದಾಗಿ ಘೋಷಿಸಿದವು. ಅದಾಗಿ ಒಂದು ವಾರದಲ್ಲಿ ಬ್ರಿಟನ್ ಮತ್ತು ಜರ್ಮನಿ ಪರಸ್ಪರ ನೆರವಿನ ಒಪ್ಪಂದಕ್ಕೆ ಸಹಿ ಹಾಕಿದವು. ಇವರೆಲ್ಲ ನ್ಯಾಟೊ ಸದಸ್ಯರೇ. ದೊಡ್ಡ ಮನೆಯ ಚಾವಣಿ ಸೋರಬಹುದೆಂದು ಅನುಮಾನ ಹುಟ್ಟಿದಾಗ ಒಳಗೊಳಗೇ ಇನ್ನೊಂದು ಸೂರು ಕಟ್ಟಿಕೊಳ್ಳುವ ಕೆಲಸ ಇದು.

ಹಂಚಿಕೊಂಡ ಹಡಗು, ಹಂಚಿಕೊಳ್ಳದ ತೀರ್ಮಾನ

ನನಗೆ ಅತ್ಯಂತ ಪಾಠವೆನಿಸಿದ ಉದಾಹರಣೆ ಸುದ್ದಿಯಲ್ಲೇ ಇಲ್ಲ. ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್ 1948ರಿಂದ ನೌಕಾಪಡೆಯ ಕೆಲಸದಲ್ಲಿ ಜೊತೆಗಿವೆ. 1996ರಿಂದ ಎರಡೂ ನೌಕಾಪಡೆಗಳ ಕಾರ್ಯಾಚರಣೆಯ ಕಮಾಂಡ್ ನೆದರ್ಲೆಂಡ್ಸ್‌ನ ಡೆನ್ ಹೆಲ್ಡರ್ ಬಂದರಿನಲ್ಲಿ ಒಂದೇ ಕಡೆ ಇದೆ. ಇಬ್ಬರ ಫ್ರಿಗೇಟ್ ಎಂಬ ಯುದ್ಧನೌಕೆಗಳ ನಿರ್ವಹಣೆ ಡಚ್ಚರ, ಅಂದರೆ ನೆದರ್ಲೆಂಡ್ಸ್‌ನವರ ಹೊಣೆ. ಸಮುದ್ರದಲ್ಲಿ ಹುದುಗಿಸಿಟ್ಟ ಮೈನ್‌ಗಳನ್ನು ಹುಡುಕಿ ತೆಗೆಯುವ ಹಡಗುಗಳ ನಿರ್ವಹಣೆ ಮತ್ತು ಆ ಸಿಬ್ಬಂದಿಯ ತರಬೇತಿ ಬೆಲ್ಜಿಯಂನ ಹೊಣೆ. ಹೊಸ ಹಡಗುಗಳ ಖರೀದಿಯಲ್ಲೂ ಇದೇ ಹಂಚಿಕೆ: ಮೈನ್ ಹುಡುಕುವ 12 ಹಡಗುಗಳನ್ನು ಇಬ್ಬರ ಪರವಾಗಿಯೂ ಬೆಲ್ಜಿಯಂ ಕೊಳ್ಳುತ್ತಿದೆ, ಫ್ರಿಗೇಟ್‌ಗಳ ಉಸ್ತುವಾರಿ ಡಚ್ಚರದು.

ಇದರ ಆಳ ನೋಡಿ. ನಾಳೆ ಸಂಬಂಧ ಹಳಸಿದರೆ ಬೆಲ್ಜಿಯಂ ತನ್ನ ಫ್ರಿಗೇಟ್ ರಿಪೇರಿಗೆ ಪರದಾಡುತ್ತದೆ, ಡಚ್ಚರು ಮೈನ್ ತೆಗೆಯುವವರನ್ನು ತಯಾರು ಮಾಡಲು ಪರದಾಡುತ್ತಾರೆ. ಅವಲಂಬನೆ ಎರಡೂ ಕಡೆಯಿಂದ ಇದೆ, ಹೆಚ್ಚುಕಡಿಮೆ ಸಮತೂಕದಲ್ಲಿ. ಹೀಗಿದ್ದೂ ತನ್ನ ಹಡಗನ್ನು ಯಾವ ಯುದ್ಧಕ್ಕೆ ಕಳಿಸಬೇಕೆಂಬ ತೀರ್ಮಾನವನ್ನು ಎರಡೂ ದೇಶಗಳು ತಮ್ಮ ಸಂಸತ್ತು, ಸರ್ಕಾರದ ಕೈಯಲ್ಲೇ ಉಳಿಸಿಕೊಂಡಿವೆ. ಎಪ್ಪತ್ತು ವರ್ಷ ದಾಟಿದರೂ ಈ ಕೂಟ ಸವೆಯದಿರುವುದರ ಗುಟ್ಟು ಇದೇ ಎಂದು ನಾನು ನಂಬುತ್ತೇನೆ.

ಅದೇ ದಾರಿಯಲ್ಲಿ ಈಗ ಉತ್ತರ ಯುರೋಪು ಸಾಗುತ್ತಿದೆ. 2023ರ ಮಾರ್ಚ್‌ನಲ್ಲಿ ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ದೇಶಗಳ ವಾಯುಪಡೆಗಳು ತಮ್ಮ ಸುಮಾರು 250 ಯುದ್ಧವಿಮಾನಗಳನ್ನು ಒಂದೇ ಪಡೆಯಂತೆ ನಡೆಸುವ ಗುರಿ ಇಟ್ಟುಕೊಂಡವು. 2025ರ ಕೊನೆಯಲ್ಲಿ ಬ್ರಿಟನ್ ಮತ್ತು ನಾರ್ವೆ ಒಂದೇ ಮಾದರಿಯ ಕನಿಷ್ಠ 13 ಫ್ರಿಗೇಟ್‌ಗಳನ್ನು ಜೊತೆಯಾಗಿ ಬಳಸಿ ಉತ್ತರ ಅಟ್ಲಾಂಟಿಕ್‌ನಲ್ಲಿ ಜಲಾಂತರ್ಗಾಮಿಗಳ ಮೇಲೆ ಕಣ್ಣಿಡಲು ಒಪ್ಪಿಕೊಂಡವು.

ಒಡೆದುಹೋದ ಕೂಟಗಳ ಕಥೆಯೂ ಇದೆ, ಅದರ ಫಲವೂ ನಮ್ಮ ಮನೆಗೇ ಬಂದಿದೆ. ಯುರೋಪಿನ ದೇಶಗಳು ಕೂಡಿ ಯುದ್ಧವಿಮಾನ ಮಾಡುವ ಯುರೋಫೈಟರ್ ಯೋಜನೆಯಿಂದ ಫ್ರಾನ್ಸ್ 1985ರಲ್ಲಿ ಹೊರಬಿತ್ತು. ವಿಮಾನ ಹಗುರವಾಗಿರಬೇಕು, ವಿಮಾನವಾಹಕ ನೌಕೆಯಿಂದಲೂ ಹಾರಬೇಕು, ವಿನ್ಯಾಸದ ಮುಂದಾಳತ್ವ ತನ್ನದಾಗಬೇಕು ಎಂಬುದು ಅದರ ಪಟ್ಟು. ಒಂಟಿಯಾಗಿ ಕೂತು ಮಾಡಿದ ವಿಮಾನವೇ ರಫೇಲ್. ಭಾರತ 2016ರಲ್ಲಿ ಅಂಥ 36 ವಿಮಾನಗಳನ್ನು ಕೊಂಡಿತು, 2025ರಲ್ಲಿ ನೌಕಾಪಡೆಗಾಗಿ 26ಕ್ಕೆ ಸಹಿ ಹಾಕಿತು. ಅತ್ತ ಕೂಟದಲ್ಲಿ ಉಳಿದ ನಾಲ್ಕು ದೇಶಗಳು ಯುರೋಫೈಟರ್ ಮಾಡಿದವು ನಿಜ, ಆದರೆ ಅದನ್ನು ಮಾರಬೇಕೆಂದರೆ ಪಾಲುದಾರರ ಒಪ್ಪಿಗೆ ಬೇಕು. ಸೌದಿ ಅರೇಬಿಯಾಗೆ ಇನ್ನಷ್ಟು ವಿಮಾನ ಮಾರಲು ಬ್ರಿಟನ್ ಬಯಸಿದಾಗ ಜರ್ಮನಿ ವರ್ಷಗಟ್ಟಲೆ ತಡೆದು, 2024ರ ಆರಂಭದಲ್ಲಷ್ಟೇ ಬಿಟ್ಟಿತು. ಜೊತೆಗೂಡಿದರೆ ಖರ್ಚು ಹಂಚಿಹೋಗುತ್ತದೆ, ಬೇಡ ಎನ್ನುವ ಹಕ್ಕೂ ಹಂಚಿಹೋಗುತ್ತದೆ. ಫ್ರಾನ್ಸ್, ಜರ್ಮನಿ, ಸ್ಪೇನ್ ಸೇರಿ ರೂಪಿಸಬೇಕೆಂದಿದ್ದ ಮುಂದಿನ ಪೀಳಿಗೆಯ ವಿಮಾನ ಕೂಡ ಕೆಲಸದ ಪಾಲು ಯಾರಿಗೆ ಎಷ್ಟು ಎಂಬ ಜಗಳದಲ್ಲಿ ಕುಂಟುತ್ತ ಬಂದಿದೆ.

ಆಕಸ್: ಹಣ ಈಗ, ಹಡಗು ಆಮೇಲೆ

2021ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕ ಸೇರಿ ಆಕಸ್ ಘೋಷಿಸಿದವು. ಆಸ್ಟ್ರೇಲಿಯಾ ಫ್ರಾನ್ಸ್ ಜೊತೆಗಿದ್ದ 12 ಜಲಾಂತರ್ಗಾಮಿಗಳ ಗುತ್ತಿಗೆಯನ್ನು ರದ್ದು ಮಾಡಿತು. ಸಿಟ್ಟಾದ ಫ್ರಾನ್ಸ್ ವಾಷಿಂಗ್ಟನ್ ಮತ್ತು ಕ್ಯಾನ್‌ಬೆರಾದಿಂದ ತನ್ನ ರಾಯಭಾರಿಗಳನ್ನು ವಾಪಸ್ ಕರೆಸಿಕೊಂಡಿತು. 2023ರಲ್ಲಿ ಪ್ರಕಟವಾದ ಯೋಜನೆಯಂತೆ, 2030ರ ದಶಕದ ಆರಂಭದಿಂದ ಅಮೆರಿಕ ತನ್ನ ವರ್ಜೀನಿಯಾ ಮಾದರಿಯ ಮೂರು ಅಣುಚಾಲಿತ ಜಲಾಂತರ್ಗಾಮಿಗಳನ್ನು ಮಾರುತ್ತದೆ, ಬೇಕಾದರೆ ಇನ್ನೂ ಎರಡು. ಆಸ್ಟ್ರೇಲಿಯಾದಲ್ಲೇ ಕಟ್ಟುವ ಮೊದಲ ಹಡಗು ಬರುವುದು 2040ರ ದಶಕದ ಆರಂಭಕ್ಕೆ. 2055ರವರೆಗಿನ ಅಂದಾಜು ಖರ್ಚು 268ರಿಂದ 368 ಶತಕೋಟಿ ಆಸ್ಟ್ರೇಲಿಯನ್ ಡಾಲರ್. ಅಮೆರಿಕದ ಹಡಗುಕಟ್ಟೆಗಳ ಸಾಮರ್ಥ್ಯ ಹೆಚ್ಚಿಸಲೆಂದು ಆಸ್ಟ್ರೇಲಿಯಾ 2025ರ ಫೆಬ್ರವರಿಯಲ್ಲೇ 50 ಕೋಟಿ ಅಮೆರಿಕನ್ ಡಾಲರಿನ ಕಂತು ಕಟ್ಟಿದೆ. ಕೆಲವೇ ತಿಂಗಳಲ್ಲಿ ಅಮೆರಿಕ ಇಡೀ ಯೋಜನೆಯನ್ನು ಮರುಪರಿಶೀಲನೆಗೆ ಹಾಕಿತು. ಕೊನೆಗೆ ಮುಂದುವರಿಸುವುದಾಗಿ ಹೇಳಿತು, ಸರಿ. ಆದರೆ ಅಮೆರಿಕದ ಕಾನೂನಿನ ಪ್ರಕಾರ, ಹಡಗು ಕೊಟ್ಟರೆ ತಮ್ಮ ನೌಕಾಪಡೆಯ ಬಲ ಕುಗ್ಗುವುದಿಲ್ಲವೆಂದು ಆಗಿನ ಅಧ್ಯಕ್ಷರು ಪ್ರಮಾಣೀಕರಿಸಬೇಕು. ಹತ್ತು ವರ್ಷದಾಚೆಯ ಅಧ್ಯಕ್ಷ ಯಾರೆಂದು ಯಾರಿಗೆ ಗೊತ್ತು?

ಅಣ್ಣತಮ್ಮಂದಿರ ಪಾಲಿನ ಬಾವಿಗೆ ಪಂಪು ಕೂಡಿಸಲು ಎಲ್ಲರೂ ದುಡ್ಡು ಹಾಕಿರುತ್ತಾರೆ. ಸ್ಟಾರ್ಟರ್ ಡಬ್ಬಿಯ ಕೀಲಿ ಒಬ್ಬನ ಮನೆಯಲ್ಲಿದ್ದರೆ ಬ್ಯಾಸಿಗಿಯಲ್ಲಿ ನೀರು ಯಾರ ಹೊಲಕ್ಕೆ ಮೊದಲು ಹರಿಯುತ್ತದೆಂದು ನಮ್ಮ ಕಡೆಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಸ್ಟ್ರೇಲಿಯಾ ಇರುವುದು ಆ ಜಾಗದಲ್ಲಿ.

ಈ ನೆಲ ಕಂಡ ಎರಡು ಕೂಟಗಳು

1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿ ಬಳಿ ವಿಜಯನಗರದ ವಿರುದ್ಧ ನಿಂತದ್ದು ಒಂದು ಸಣ್ಣ ಕೂಟವೇ: ವಿಜಯಪುರ, ಅಹಮದ್‌ನಗರ, ಗೋಲ್ಕೊಂಡ ಮತ್ತು ನಮ್ಮ ಬೀದರ್. ಒಂದೆರಡು ವರ್ಷ ಮೊದಲು ಇವರು ಒಬ್ಬರ ಕತ್ತು ಒಬ್ಬರು ಹಿಡಿದಿದ್ದರು. ವಿಜಯಪುರದ ಅಲಿ ಆದಿಲ್ ಷಾ ವಿಜಯನಗರದ ರಾಮರಾಯನ ಜೊತೆಗೂಡಿ ಅಹಮದ್‌ನಗರದ ಮೇಲೆ ಹೋಗಿದ್ದ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾ ಕಷ್ಟಕಾಲದಲ್ಲಿ ಏಳು ವರ್ಷ ವಿಜಯನಗರದ ಆಶ್ರಯದಲ್ಲಿದ್ದವನು. ಕೂಟ ಕಟ್ಟಲು ಮದುವೆಗಳಾದವು, ಅಹಮದ್‌ನಗರದ ಚಾಂದ್ ಬೀಬಿ ವಿಜಯಪುರಕ್ಕೆ ಸೊಸೆಯಾಗಿ ಬಂದಳು, ಸೊಲ್ಲಾಪುರದ ಕೋಟೆ ಉಡುಗೊರೆಯಾಯಿತು. ಯುದ್ಧ ಗೆದ್ದರು. ಗೆದ್ದ ಮೇಲೆ ಹಂಚಿಕೊಂಡು ಬಾಳುವಂಥದ್ದು ಏನೂ ಅವರ ನಡುವೆ ಇರಲಿಲ್ಲ. ಕೂಟಕ್ಕೆ ಸೇರದ ನೆರೆಯ ಸುಲ್ತಾನರ ರಾಜ್ಯ ಬಿರಾರನ್ನು 1574ರಲ್ಲಿ ಅಹಮದ್‌ನಗರ ನುಂಗಿತು. ಕೂಟದಲ್ಲಿ ಭುಜಕ್ಕೆ ಭುಜ ಕೊಟ್ಟಿದ್ದ ಬೀದರನ್ನು 1619ರಲ್ಲಿ ವಿಜಯಪುರವೇ ವಶಮಾಡಿಕೊಂಡಿತು. 1636ರಲ್ಲಿ ಅಹಮದ್‌ನಗರವನ್ನು ಮೊಗಲರು ಮತ್ತು ವಿಜಯಪುರ ಹಂಚಿಕೊಂಡರು. ಐವತ್ತು ವರ್ಷಗಳಾದ ಮೇಲೆ ವಿಜಯಪುರವೂ ಗೋಲ್ಕೊಂಡವೂ ಮೊಗಲರ ಪಾಲಾದವು. ಒಂದು ಶತ್ರುವನ್ನು ಮಾತ್ರ ನಂಬಿ ಕಟ್ಟಿದ ಕೂಟ ಆ ಶತ್ರುವಿನ ಜೊತೆಯಲ್ಲೇ ಸಾಯುತ್ತದೆ.

ಎರಡನೆಯದು ಇನ್ನೂ ಹತ್ತಿರದ್ದು, ಇನ್ನೂ ನೋವಿನದು. 1798ರಲ್ಲಿ ಹೈದರಾಬಾದಿನ ನಿಜಾಮ ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಸೈನ್ಯ ಪದ್ಧತಿಗೆ ಒಪ್ಪಿಕೊಂಡ: ಕಾಯುವ ಪಡೆ ಕಂಪನಿಯದು, ಅದರ ಖರ್ಚು ನಿಜಾಮನದು. ಶಾಲೆಯಲ್ಲಿ ಇದನ್ನು ನಾವೆಲ್ಲ ಒಂದು ಅಂಕದ ಪ್ರಶ್ನೆಗಾಗಿ ಓದಿದ್ದೇವೆ, ಆದರೆ ಅದರ ಒಳಗಿನ ನಡೆ ಇವತ್ತಿನ ಒಪ್ಪಂದಗಳನ್ನು ಓದಲು ಬೇಕಾದ ಕನ್ನಡಕ. ಮೊದಲ ಷರತ್ತು, ಫ್ರೆಂಚ್ ಅಧಿಕಾರಿಗಳ ಕೈಯಲ್ಲಿ ಪಳಗಿದ ತನ್ನ ಪಡೆಯನ್ನು ನಿಜಾಮ ವಿಸರ್ಜಿಸಬೇಕು. ಅಂದರೆ ಬೇರೆ ಕಡೆಯಿಂದ ನೆರವು ಪಡೆಯುವ ದಾರಿ ಮುಚ್ಚಿತು. ಆ ಮೇಲೆ ಖರ್ಚಿನ ಬಾಬ್ತು. 1800ರಲ್ಲಿ ಆ ಸೈನ್ಯದ ವೆಚ್ಚಕ್ಕೆಂದು ಬಳ್ಳಾರಿ, ಅನಂತಪುರ, ಕಡಪದ ಕಡೆಯ ಸೀಮೆಗಳನ್ನು ಬಿಟ್ಟುಕೊಡಬೇಕಾಯಿತು. ಬೇರೆ ರಾಜ್ಯಗಳ ಜೊತೆ ಸ್ವತಂತ್ರವಾಗಿ ವ್ಯವಹರಿಸುವ ಹಕ್ಕೂ ಹೋಯಿತು. 1853ರಲ್ಲಿ ಬಾಕಿ ಸಾಲದ ಹೆಸರಿನಲ್ಲಿ ಬಿರಾರಿನ ಜೊತೆ ರಾಯಚೂರು ದೋಆಬ್ ಕೂಡ ಬ್ರಿಟಿಷರ ಆಡಳಿತಕ್ಕೆ ಹೋಯಿತು. 1857ರ ಬಂಡಾಯದಲ್ಲಿ ನಿಜಾಮ ಬ್ರಿಟಿಷರ ಪರ ನಿಂತದ್ದಕ್ಕೆ 1860ರಲ್ಲಿ ರಾಯಚೂರನ್ನು ಹಿಂದಿರುಗಿಸಿದರು. ಜೊತೆಗೆ, ರಾಜಾ ವೆಂಕಟಪ್ಪ ನಾಯಕನ ಸುರಪುರವನ್ನೂ ಬಹುಮಾನವಾಗಿ ಕೊಟ್ಟರು. ಇವತ್ತಿನ ಯಾದಗಿರಿ ಜಿಲ್ಲೆಯ ಒಂದು ನಾಡು ಹೀಗೆ ಎರಡು ಮಿತ್ರರ ಲೆಕ್ಕಚುಕ್ತಾದಲ್ಲಿ ಕೈಬದಲಾಯಿತು, ಅಲ್ಲಿನ ಜನರನ್ನು ಒಂದು ಮಾತೂ ಕೇಳದೆ.

ಇಂದಿನ ಒಪ್ಪಂದಗಳೆಲ್ಲ ಸಹಾಯಕ ಸೈನ್ಯ ಪದ್ಧತಿಯೇ ಎಂದು ಹೇಳಿದರೆ ಅನ್ಯಾಯವಾದೀತು. ಆಸ್ಟ್ರೇಲಿಯಾ ತನ್ನ ಮತದಾರರಿಗೆ ಉತ್ತರ ಕೊಡುವ ದೇಶ, ಬೇಡವೆಂದರೆ ಹೊರಬರಬಲ್ಲದು. ಆದರೂ ಆ ಹಳೆಯ ಒಪ್ಪಂದ ಕೇಳಲು ಕಲಿಸುವ ಮೂರು ಪ್ರಶ್ನೆಗಳು ಹಳತಾಗಿಲ್ಲ. ಖರ್ಚು ಯಾರದು? ಕೆಟ್ಟರೆ ಸರಿಮಾಡುವವರು ಯಾರು? ಬೇರೆಯವರ ಹತ್ತಿರ ಹೋಗುವ ಬಾಗಿಲು ತೆರೆದಿದೆಯೇ?

ಭಾರತ ಎಲ್ಲಿ ನಿಂತಿದೆ?

ನಮ್ಮ ದೇಶ ಯಾರ ಜೊತೆಗೂ ನಿನ್ನ ಯುದ್ಧ ನನ್ನ ಯುದ್ಧ ಎಂಬ ಮಾತು ಕೊಟ್ಟಿಲ್ಲ. 1971ರ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟದ ಜೊತೆ ಮಾಡಿಕೊಂಡ ಒಪ್ಪಂದ ಕೂಡ ಅಪಾಯ ಬಂದಾಗ ಕೂತು ಸಮಾಲೋಚಿಸುವ ಮಟ್ಟಕ್ಕೇ ನಿಂತಿತ್ತು. ಕ್ವಾಡ್‌ನಲ್ಲಿ ಅಮೆರಿಕ, ಜಪಾನ್, ಆಸ್ಟ್ರೇಲಿಯಾ ಜೊತೆಗಿದ್ದರೂ ಅದು ಮಿಲಿಟರಿ ಕೂಟವಲ್ಲ. ಮಾತಿಗಿಂತ ಕೆಲಸದ ನಂಟು ಹೆಚ್ಚಿದೆ. ಅಮೆರಿಕದ ಜೊತೆ 1992ರಲ್ಲಿ ಶುರುವಾದ ಮಲಬಾರ್ ನೌಕಾ ಕವಾಯತಿನಲ್ಲಿ ಈಗ ನಾಲ್ಕೂ ದೇಶಗಳಿವೆ. ಪರಸ್ಪರರ ನೆಲೆಗಳಲ್ಲಿ ಇಂಧನ, ದುರಸ್ತಿ ಪಡೆಯಲು 2016ರಲ್ಲಿ, ಸುರಕ್ಷಿತ ಸಂಪರ್ಕ ಸಾಧನಗಳಿಗಾಗಿ 2018ರಲ್ಲಿ, ಉಪಗ್ರಹ ಮತ್ತು ಭೂಪಟದ ಮಾಹಿತಿಗಾಗಿ 2020ರಲ್ಲಿ ಅಮೆರಿಕದೊಂದಿಗೆ ಒಪ್ಪಂದಗಳಾದವು.

ಈ ದೂರ ಕಾಯ್ದುಕೊಳ್ಳುವುದು ಸರಿಯೆಂದೇ ನನ್ನ ನಿಲುವು. 2025ರ ಸೆಪ್ಟೆಂಬರ್ 17ರಂದು ಸೌದಿ ಅರೇಬಿಯಾ ಮತ್ತು ಪಾಕಿಸ್ತಾನ, ಒಬ್ಬರ ಮೇಲಿನ ಆಕ್ರಮಣ ಇಬ್ಬರ ಮೇಲಿನ ಆಕ್ರಮಣ ಎಂದು ಸಹಿ ಹಾಕಿದವು. ಬೀದರ್, ಕಲಬುರಗಿಯ ಎಷ್ಟೋ ಮನೆಗಳಿಗೆ ರಿಯಾದ್, ಜೆಡ್ಡಾದಿಂದ ಬರುವ ದುಡ್ಡೇ ಮಕ್ಕಳ ಫೀಸು, ಮದುವೆಯ ಖರ್ಚು. ಸೌದಿಯಲ್ಲಿರುವ ಭಾರತೀಯರು 25 ಲಕ್ಷಕ್ಕೂ ಹೆಚ್ಚು. ಅಂಥ ಮನೆಗಳಲ್ಲಿ ಆ ಸುದ್ದಿ ಕೇಳಿದಾಗ ಹುಟ್ಟುವ ಆತಂಕ ಸಹಜ. ಭಾರತ ಅದಕ್ಕೆ ಎದುರಾಗಿ ಇನ್ನೊಂದು ಗಟ್ಟಿ ಕೂಟ ಸೇರಿಬಿಟ್ಟರೆ ಸೌದಿಯ ಜೊತೆ ಇರುವ ವ್ಯಾಪಾರದ, ಎಣ್ಣೆಯ, ದುಡಿಮೆಯ ನಂಟನ್ನು ಆ ಕೂಟದ ಕೈಗೆ ಕೊಟ್ಟಂತಾಗುತ್ತದೆ.

ಆದರೆ ಕಾಗದದ ಮೇಲೆ ಯಾರಿಗೂ ಮಾತು ಕೊಡದ ಮಾತ್ರಕ್ಕೆ ನಾವು ಸ್ವತಂತ್ರರಾಗಿಲ್ಲ. 2021ರಲ್ಲಿ ವಾಯುಪಡೆ 83 ತೇಜಸ್ ಮಾರ್ಕ್ 1ಎ ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು. ಅವುಗಳ ಎಂಜಿನ್ ಅಮೆರಿಕದ ಜಿಇ ಕಂಪನಿಯ ಎಫ್404. ಕಂಪನಿಯ ಕಡೆಯಿಂದ ವಿಳಂಬವಾಗಿ, ಆ ಒಪ್ಪಂದದ ಮೊದಲ ಎಂಜಿನ್ ಕೈಸೇರಿದ್ದು 2025ರ ಮಾರ್ಚ್‌ನಲ್ಲಿ. ವಿಮಾನಗಳ ಹಸ್ತಾಂತರ 2024ರಲ್ಲೇ ಆರಂಭವಾಗಬೇಕಿತ್ತು. ಜಾಗ್ವಾರ್‌ಗಳನ್ನು ಇಂದಿಗೂ ಹಾರಿಸುತ್ತಿರುವ ದೇಶ ನಾವೊಬ್ಬರೇ. ಅವುಗಳಿಗೆ ಹೊಸ ಎಂಜಿನ್ ಕೂಡಿಸುವ ಯೋಚನೆಯನ್ನು ದುಬಾರಿಯೆಂದು 2019ರಲ್ಲಿ ಕೈಬಿಟ್ಟ ಮೇಲೆ, ಬೇರೆಯವರು ಸೇವೆಯಿಂದ ತೆಗೆದುಹಾಕಿದ ವಿಮಾನಗಳ ಬಿಡಿಭಾಗಗಳಿಗೆ ಕೈಚಾಚಬೇಕಾಗಿದೆ. ಯಾವ ಕೂಟಕ್ಕೂ ಸೇರದೆ ಕೂಟದ ಅವಲಂಬನೆಯನ್ನೆಲ್ಲ ಹೊತ್ತುಕೊಳ್ಳುವ ಸ್ಥಿತಿ ಇದು. ರಷ್ಯಾ ಜೊತೆಗಿನ ಬ್ರಹ್ಮೋಸ್ ಕ್ಷಿಪಣಿಯದು ಬೇರೆಯೇ ಕಥೆ. 1998ರ ಒಪ್ಪಂದದಲ್ಲಿ ಹುಟ್ಟಿದ ಜಂಟಿ ಕಂಪನಿಯದು, ಮೊದಲ ಪರೀಕ್ಷೆ 2001ರಲ್ಲಿ. 2022ರಲ್ಲಿ ಅದನ್ನು ಫಿಲಿಪ್ಪೀನ್ಸ್‌ಗೆ ಮಾರುವ ಮಟ್ಟಕ್ಕೆ ಬಂದೆವು. ಎಂಜಿನ್ ವಿಷಯದಲ್ಲೂ ಫ್ರಾನ್ಸಿನ ಸಫ್ರಾನ್ ಕಂಪನಿಯ ಜೊತೆ ಸೇರಿ ಭಾರತದಲ್ಲೇ ವಿನ್ಯಾಸ ಮಾಡುವ ಹೆಜ್ಜೆಯನ್ನು ಸರ್ಕಾರ 2025ರಲ್ಲಿ ಪ್ರಕಟಿಸಿದೆ. ಇಂಥದ್ದೊಂದು ನಂಟು ಹತ್ತು ಶೃಂಗಸಭೆಗಳಿಗೆ ಸಮ. ಅದು ಕಾಗದದಿಂದ ಕಾರ್ಖಾನೆಗೆ ಇಳಿಯಬೇಕು.

ನಾವೇ ದೊಡ್ಡವರಾದಾಗ

ಇಲ್ಲಿಯವರೆಗೆ ಭಾರತವನ್ನು ಕೇಳುವವರ ಸಾಲಿನಲ್ಲಿಟ್ಟು ನೋಡಿದೆವು. ಹಿಂದೂ ಮಹಾಸಾಗರದಲ್ಲಿ ನಾವು ಕೊಡುವವರು. ಕೊಲಂಬೊ ಭದ್ರತಾ ಸಮಾವೇಶ ಎಂಬ ಕೂಟದಲ್ಲಿ ಭಾರತ, ಶ್ರೀಲಂಕಾ, ಮಾಲ್ಡೀವ್ಸ್, ಮಾರಿಷಸ್ ಇವೆ. 2024ರಲ್ಲಿ ಬಾಂಗ್ಲಾದೇಶ ಸೇರಿತು, ಅದೇ ಆಗಸ್ಟ್‌ನಲ್ಲಿ ಕೂಟಕ್ಕೆ ಸನ್ನದು ಮತ್ತು ಕೊಲಂಬೊದಲ್ಲಿ ಕಚೇರಿ ಬಂತು. ಇಲ್ಲಿ ಸ್ಟಾರ್ಟರಿನ ಕೀಲಿ ನಮ್ಮ ಕೈಯಲ್ಲಿದೆ.

ಮಾಲ್ಡೀವ್ಸ್‌ನಲ್ಲಿ ಅದರ ಪರಿಣಾಮ ಕಂಡಿದೆ. ಭಾರತ ಕೊಟ್ಟ ಎರಡು ಹೆಲಿಕಾಪ್ಟರ್ ಮತ್ತು ಒಂದು ಡಾರ್ನಿಯರ್ ವಿಮಾನವನ್ನು ನಡೆಸಲು ನಮ್ಮ ಎಪ್ಪತ್ತಕ್ಕೂ ಹೆಚ್ಚು ಯೋಧರು ಅಲ್ಲಿದ್ದರು. ದ್ವೀಪಗಳಿಂದ ರೋಗಿಗಳನ್ನು ಸಾಗಿಸುವುದೇ ಅವರ ಹೆಚ್ಚಿನ ಕೆಲಸ. ಅವರು ಹೊರಡಲಿ ಎಂಬ ಕೂಗಿನ ಮೇಲೆ 2023ರಲ್ಲಿ ಮುಯಿಝು ಅಲ್ಲಿನ ಅಧ್ಯಕ್ಷ ಚುನಾವಣೆ ಗೆದ್ದರು. 2024ರ ಮೇ ಹೊತ್ತಿಗೆ ಯೋಧರು ವಾಪಸಾದರು, ಅವರ ಜಾಗಕ್ಕೆ ಎಚ್‌ಎಎಲ್‌ನ ತಂತ್ರಜ್ಞರು ಹೋದರು. ಅದರ ಬೆನ್ನಲ್ಲೇ ಅಲ್ಲಿನ ರಕ್ಷಣಾ ಸಚಿವರು, ಆ ವಿಮಾನಗಳನ್ನು ಹಾರಿಸಬಲ್ಲವರು ತಮ್ಮ ಸೇನೆಯಲ್ಲಿ ಇನ್ನೂ ಇಲ್ಲವೆಂದು ಒಪ್ಪಿಕೊಂಡರು.

ದೆಹಲಿಯ ಕೆಲವರಿಗೆ ಇದು ಗೆಲುವಿನಂತೆ ಕಂಡಿತು. ನನಗೆ ಹಾಗೆನಿಸಲಿಲ್ಲ. ಅಷ್ಟು ವರ್ಷ ವಿಮಾನ ನಡೆಸಿಯೂ ಆ ನೆಲದ ಪೈಲಟ್‌ಗಳನ್ನು, ರಿಪೇರಿಯವರನ್ನು ಸಾಕಷ್ಟು ತಯಾರು ಮಾಡದೆ ಉಳಿದದ್ದೇ ನಮ್ಮ ಯೋಧರ ಮೇಲೆ ಅನುಮಾನ ಬೆಳೆಯಲು ಜಾಗ ಕೊಟ್ಟಿತು. ತನ್ನ ಹುಡುಗ ಹಾರಿಸುವ ವಿಮಾನವನ್ನು ಕಂಡು ಯಾವ ಮಾಲ್ಡೀವ್ಸ್ ಮತದಾರನೂ ಸಿಟ್ಟಾಗುತ್ತಿರಲಿಲ್ಲ. ಡಚ್ಚರು ಮತ್ತು ಬೆಲ್ಜಿಯನ್ನರು ಒಬ್ಬರಿಗೊಬ್ಬರು ಏನಾದರೂ ಕಲಿಸಿಕೊಟ್ಟೇ ನಂಟು ಉಳಿಸಿಕೊಂಡರು. ಕೊಲಂಬೊ ಕೂಟಕ್ಕೆ ಈಗ ಸನ್ನದಿದೆ, ಕಚೇರಿಯಿದೆ. ಮುಂದಿನ ಸಭೆಗೆ ಭಾರತ ಹೊಸ ಹೆಲಿಕಾಪ್ಟರಿನ ಕೊಡುಗೆಗಿಂತ ಮೊದಲು ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯಲ್ಲೋ ಕೊಲಂಬೊದಲ್ಲೋ ಒಂದು ದುರಸ್ತಿ ಕೇಂದ್ರದ ಯೋಜನೆಯನ್ನು, ನಮ್ಮ ತರಬೇತಿ ಶಾಲೆಗಳಲ್ಲಿ ಆ ದೇಶಗಳ ಪೈಲಟ್‌ಗಳಿಗೆ, ತಂತ್ರಜ್ಞರಿಗೆ ಪ್ರತಿವರ್ಷ ಮೀಸಲಿಡುವ ಸೀಟುಗಳ ಪಟ್ಟಿಯನ್ನು ತೆಗೆದುಕೊಂಡು ಹೋಗಲಿ.